ಕಾಕಾನ ಟ್ರಿಗರ್ ಮತ್ತು ನನ್ನ ಹುಣಸೆಹಣ್ಣು

ಹೊಲಿಗೆ ಯಂತ್ರದ ಖಾನೆಯಲ್ಲಿ ಸೂಜಿ ಹುಡುಕುತ್ತಿದ್ದಾಗ ಕೈಗೊಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ತೆಳು ಎಣ್ಣೆಯ ವಾಸನೆ... ಕಾಕಾನ ಗ್ಯಾರೇಜಿನ ವಾಸನೆ. ಇಷ್ಟು ವರ್ಷವಾದರೂ ಈ ಹಾಳು ಎಣ್ಣೆ ಆರಿಲ್ಲ. ಸೂಜಿ ಮರೆತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವರು ಸಂಬಂಧದಲ್ಲಿ ನನಗೆ ಏನೂ ಅಲ್ಲ. ಎಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಗೆ ಬಂದಾಗ ಪಕ್ಕದ ಮನೆಯಲ್ಲಿದ್ದ ಹುಬ್ಬಳ್ಳಿಯ ಹಿರಿಯರು. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ನಾನು ಮೊದಲ ದಿನ "ಅಂಕಲ್" ಎಂದದ್ದಕ್ಕೆ, "ಅಂಕಲ್ ಈ ಊರಾಗ ಬೇಕಾದಷ್ಟು ಮಂದಿ ಅದಾರ. ಕಾಕಾ ಅನ್ನವಾ," ಎಂದರು. ಅಂದಿನಿಂದ ಕಾಕಾ.

ಅವರ ಬಳಿ ಪಿಸ್ತೂಲಿದೆ ಎಂದು ಗೊತ್ತಾದ ದಿನ ನಾನು ಬಾಗಿಲಿಗೆ ಎರಡೆರಡು ಚಿಲಕ ಹಾಕಿಕೊಂಡಿದ್ದೆ. ಸೋಮವಾರ ಈರುಳ್ಳಿಯನ್ನೂ ಮುಟ್ಟದ, ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಮನುಷ್ಯನಿಗೆ ಪಿಸ್ತೂಲೇ? ಆಮೇಲೆ ತಿಳಿಯಿತು, ಅದು ಕಾಗದದ ಗುರಿಗೆ ಹೊಡೆಯುವ ಸಣ್ಣ ಗುಂಡಿನ ಪಿಸ್ತೂಲು, ಜೊತೆಯ ಕೆಲಸಗಾರರು ಹಿಡಿಸಿದ ಹುಚ್ಚು. ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಒಂದು ಗಂಟೆ ಹೊಡೆದು, ಹಳೆಯ ಗೆಳೆಯರ ಜೊತೆ ಕಾಫಿ ಕುಡಿದು ಬರುತ್ತಿದ್ದರು. ಆ ವರ್ಷ ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡರು. ಅದಾದ ಮೇಲೆ ಅವರು ಮನೆ ಬಿಟ್ಟು ಹೋಗುತ್ತಿದ್ದದ್ದು ಅಲ್ಲಿಗೆ ಮಾತ್ರ.

ಅದೂ ತಪ್ಪುವ ಹಾಗಾಗಿತ್ತು. ಸಂಧಿವಾತದಿಂದ ತೋರುಬೆರಳಿನ ಗೆಣ್ಣು ಊದಿಕೊಂಡಿತ್ತು. ಹಳೆಯ ಪಿಸ್ತೂಲಿನ ಟ್ರಿಗರ್ ಎಳೆಯುವಾಗ ನಡುವೆ ಎಲ್ಲೋ ಕರಕರ ಎಂದು ತಡೆಯುತ್ತಿತ್ತು. ಆ ತಡೆ ದಾಟಿಸುವಷ್ಟರಲ್ಲಿ ಕೈ ನಡುಗಿ ಗುರಿ ತಪ್ಪುತ್ತಿತ್ತು. ಅಕ್ಟೋಬರ್ ಕೊನೆಯಲ್ಲಿದ್ದ ಕ್ಲಬ್ಬಿನ ಪಂದ್ಯದ ಹೊತ್ತಿಗೆ ಸರಿಹೋಗದಿದ್ದರೆ ಮಾರಿಬಿಡುವುದೆಂದು ನಿರ್ಧರಿಸಿದ್ದರು. ಮಾರಿದರೆ ಭಾನುವಾರವೂ ಹೋದಂತೆ. ಹೇಳಿಕೊಳ್ಳುತ್ತಿರಲಿಲ್ಲ, ಆದರೆ ನನಗೆ ಗೊತ್ತಿತ್ತು.

ಪಿಸ್ತೂಲಿನ ಒಳಗೆ, ಟ್ರಿಗರ್ ಎಳೆದಾಗ ಒಂದಕ್ಕೊಂದು ಉಜ್ಜುವ ಎರಡು ಉಕ್ಕಿನ ತುಣುಕುಗಳಿರುತ್ತವೆ, ಉಗುರಿನಷ್ಟು ದೊಡ್ಡವು. ಬೇಸಿಗೆಯಿಡೀ ಕಾಕಾ ಅವನ್ನು ಹೊರತೆಗೆದು, ಸಾಣೆಕಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟು ನುಣುಪು ಮಾಡುತ್ತಿದ್ದರು. ಕೆಲಸದ ಪರವಾನಗಿ ಇಲ್ಲದೆ ಮನೆಯಲ್ಲಿ ಕೊಳೆಯುತ್ತಿದ್ದ ನಾನು ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಒಮ್ಮೆ ಮೈಸೂರುಪಾಕ ಒಯ್ದಿದ್ದೆ. ಪಾಕ ಬಂದದ್ದು ಹೇಗೆ ತಿಳಿಯುತ್ತದೆ ಎಂದು ಕೇಳಿದರು.

"ಬೆರಳಿಗೇ ಗೊತ್ತಾಗುತ್ತೆ ಕಾಕಾ."

"ಹಂಗಾರ ಆ ಬೆರಳು ಇಲ್ಲಿ ಕೊಡು. ನನ್ನವು ಲೇಥ್ ಮಷೀನ ಹಿಡದು ಹಿಡದು ಸತ್ತು ಹೋಗ್ಯಾವ."

ಹಾಗೆ ನಾನು ಕೆಲಸಕ್ಕೆ ಸೇರಿದೆ. ಅವರು ಉಜ್ಜುವುದು, ನಾನು ಬೆರಳ ತುದಿಯಿಂದ ಸವರಿ "ಇಲ್ಲಿ ಇನ್ನೂ ರವೆ, ಇಲ್ಲಿ ಹಿಟ್ಟು" ಎನ್ನುವುದು. ಅಮೆರಿಕದಲ್ಲಿ ನನ್ನ ಮೊದಲ ನೌಕರಿ ಅದು. ನನ್ನ ಗಂಡನಿಗೆ ಹೇಳಿದರೆ ನಗುತ್ತಿದ್ದರು; ನನಗೆ ಮಾತ್ರ ಹೆಮ್ಮೆಯಿತ್ತು.

ಆಯುಧಪೂಜೆ ಬಂತು. ಕಾಕು ಹೋಗಿ ವರ್ಷ ತುಂಬಿರಲಿಲ್ಲ, ಅವರ ಮನೆಯಲ್ಲಿ ಹಬ್ಬವಿಲ್ಲ. ಆದರೆ ಹತಾರಗಳಿಗೆ ಪೂಜೆ ತಪ್ಪಿಸಿದ ಮನುಷ್ಯನಲ್ಲ ಅವರು. ಪಿಸ್ತೂಲನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟು, ಅರ, ಸಾಣೆಕಲ್ಲು, ಆ ಎರಡು ತುಣುಕುಗಳಿದ್ದ ಈ ಡಬ್ಬಿ, ಇಷ್ಟನ್ನು ನಮ್ಮ ಮನೆಗೆ ಕಳಿಸಿದರು. ನಾನು ದೀಪ, ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದೆ. ತುಣುಕುಗಳು ಮಂಕಾಗಿ ಕಂಡವು. ದೇವರ ಮುಂದೆ ಇಡುವ ವಸ್ತು ಹೀಗಿದ್ದರೆ ಹೇಗೆ? ಅವಕ್ಕೂ ಹುಣಸೆಹಣ್ಣು ಮೆತ್ತಿ ಒಂದಿಷ್ಟು ಹೊತ್ತು ಬಿಟ್ಟು, ತೊಳೆದು, ಒದ್ದೆಯಲ್ಲೇ ಅರಿಶಿನ ಕುಂಕುಮ ಇಟ್ಟೆ.

ಬೆಳಿಗ್ಗೆ ನೋಡಿದರೆ ಎರಡಕ್ಕೂ ತುಕ್ಕು. ಒರೆಸಿ ಬೆರಳಾಡಿಸಿದೆ, ರವೆಯೂ ಅಲ್ಲ, ನುಚ್ಚು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಬೇಸಿಗೆಯಿಡೀ ಪಟ್ಟ ಶ್ರಮ ಹೋಗಿತ್ತು, ಪಂದ್ಯಕ್ಕೆ ಎರಡು ವಾರ ಉಳಿದಿತ್ತು. ಡಬ್ಬಿ ಹಿಡಿದು ಅವರ ಗ್ಯಾರೇಜಿನಲ್ಲಿ ನಿಂತು ಅತ್ತುಬಿಟ್ಟೆ.

ಕಾಕಾ ತುಣುಕನ್ನು ಬೆಳಕಿಗೆ ಹಿಡಿದರು, ಮೂಸಿದರು. "ಏನು ಹಚ್ಚೀಯವಾ ಇದಕ್ಕ?"

"ಹುಣಸೆಹಣ್ಣು."

ತುಣುಕನ್ನು ತಿರುಗಿಸಿ ಇನ್ನೊಮ್ಮೆ ಮೂಸಿದರು. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಆಮೇಲೆ, "ಇನ್ನ ಒಗ್ಗರಣಿ ಒಂದು ಉಳದೈತಿ," ಎಂದರು. ನಗಲಿಲ್ಲ. ಬೈಯಲೂ ಇಲ್ಲ. ಕೆಟ್ಟ ತುಣುಕುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಎಸೆದುಬಿಟ್ಟರು ಎಂದುಕೊಂಡೆ.

ಕ್ಲಬ್ಬಿನ ಗೆಳೆಯರೊಬ್ಬರ ಹಳೆಯ ಸಾಮಾನಿನಲ್ಲಿ ಅಂಥದೇ ಜೋಡಿ ಸಿಕ್ಕಿತು. ಮತ್ತೆ ಮೊದಲಿನಿಂದ. ಈ ಸಲ ಕಲ್ಲನ್ನು ನನ್ನ ಕೈಗೇ ಕೊಟ್ಟರು. ನಾನು ಹೆದರಿ ಹಿಂದೆ ಸರಿದೆ. "ಕೆಡಿಸಿದ ಕೈಯಿಂದನ ಸರಿ ಆಗಬೇಕು. ಹೊಳಪು ಬ್ಯಾಡ, ನುಣುಪು ಬೇಕು. ನಾ ಸಾಕು ಅಂದ್ರ ಸಾಕು." ಎರಡು ವಾರ ಅಡುಗೆ ಅರೆಬರೆ ಮಾಡಿ ಅಲ್ಲೇ ಕೂತೆ. ಇನ್ನೂ ಸ್ವಲ್ಪ ಉಜ್ಜಿದರೆ ಟ್ರಿಗರ್ ಇನ್ನೂ ಹಗುರಾಗುತ್ತದಲ್ಲ ಎಂದು ನಾನು ಆಸೆಪಟ್ಟಾಗ ಕಲ್ಲು ಕಸಿದುಕೊಂಡರು. "ಭಾಳ ಹಗುರಾದ್ರ ಅದು ನೀ ಹೇಳೂದಕಿಂತ ಮೊದಲ ಹಾರತೈತಿ. ಅಂಥಾದ್ದು ಮನ್ಯಾಗ ಇರಬಾರದು." ಜೋಡಿಸಿ, ಖಾಲಿ ಪಿಸ್ತೂಲನ್ನು ಗೋಡೆಗೆ ಹಿಡಿದು ಎಳೆದು ನೋಡಿದರು. ಕರಕರ ಇರಲಿಲ್ಲ. ಕಾಕಾ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಎಳೆದರು.

ಪಂದ್ಯದಲ್ಲಿ ಅವರು ಗೆಲ್ಲಲಿಲ್ಲ. ಸಂಜೆ ಬಂದು ತೂತು ಬಿದ್ದ ಕಾಗದವನ್ನು ನನ್ನ ಕೈಗಿತ್ತು, "ಗುಂಡು ಎಲ್ಲಾ ಗೆರಿ ಒಳಗ ಅದಾವ ನೋಡು," ಎಂದರು. ಮುಂದಿನ ಮೂರು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಓಕ್ಲ್ಯಾಂಡಿನಿಂದ ಅವರ ಮಗ ಬಂದು ಮನೆ ಖಾಲಿ ಮಾಡುವಾಗ ಈ ಡಬ್ಬಿಯನ್ನು ನನಗೆ ಕೊಟ್ಟ. ಮೇಲಿದ್ದ ಸಾಣೆಕಲ್ಲು ಕಂಡದ್ದೇ ಮುಚ್ಚಳ ಹಾಕಿ ಎತ್ತಿಟ್ಟಿದ್ದೆ.

ಇವತ್ತು ಕಲ್ಲಿನ ಕೆಳಗಿನ ಬಟ್ಟೆಯನ್ನೂ ಬಿಚ್ಚಿದೆ. ನಾನು ಕೆಡಿಸಿದ, ಗುಳಿಬಿದ್ದ ಆ ಎರಡು ತುಣುಕುಗಳು, ಎಣ್ಣೆ ಹಚ್ಚಿ ಜೋಪಾನ ಮಾಡಿದವು. ಪ್ರತಿ ಹತಾರಕ್ಕೂ ಚೀಟಿ ಕಟ್ಟುವುದು ಅವರ ರೂಢಿ, ಇವಕ್ಕೂ ಒಂದು ಇತ್ತು: "ಕೈ ಚಲೋ ಐತಿ. ಹುಳಿ ಜಾಸ್ತಿ."

ನಗು ಬಂತು, ನಗುತ್ತಲೇ ಅತ್ತೆ. ತುಣುಕನ್ನು ಸವರಿ ನೋಡಿದೆ. ಎಲ್ಲಿ ರವೆ, ಎಲ್ಲಿ ಹಿಟ್ಟು ಎಂದು ಈಗ ನನ್ನ ಬೆರಳಿಗೂ ತಿಳಿಯುವುದಿಲ್ಲ. ಇದನ್ನು ನಾನು ಹೇಳಿಕೊಳ್ಳಬಹುದಾಗಿದ್ದವರು ಕಾಕಾ ಒಬ್ಬರೇ, ಅವರಿಲ್ಲ. ಒಂದು ಹನಿ ಎಣ್ಣೆ ಬಿಟ್ಟು, ಒಣಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಹಾಕಿದೆ. ಕುಂಕುಮ ಮುಚ್ಚಳದ ಮೇಲಷ್ಟೇ ಇಟ್ಟೆ.