ಒಂದು ಬೆರಳು ಇಳಿಜಾರು

ಬಡಗಿಗೆ ಬೀದಿಯವರು ಇಟ್ಟ ಹೆಸರು ರಸಮಟ್ಟ. ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಅತ್ತಿತ್ತ ಓಡಾಡುವ, ಮಟ್ಟ ನೋಡುವ ಆ ಪುಟ್ಟ ಪಟ್ಟಿಯನ್ನು ಬೇರೆ ಬಡಗಿಗಳು ಕೆಲಸದ ಹೊತ್ತಿಗೆ ಮಾತ್ರ ಹೊರಗೆ ತೆಗೆಯುತ್ತಾರೆ. ಇವನ ಜೇಬಿನಲ್ಲಿ ಅದು ಬಾಚಣಿಗೆಯ ಹಾಗೆ ಸದಾ ಇರುತ್ತಿತ್ತು. ಬಾಚಣಿಗೆಗೆ ಅವನ ತಲೆಯ ಮೇಲೆ ಕೆಲಸವಿಲ್ಲದೆ ಎಷ್ಟೋ ವರ್ಷಗಳಾಗಿದ್ದವು ಬಿಡಿ. ಹಲ್ಲು ಕೀಳಿಸಲು ಹೋದವನು ಡಾಕ್ಟರ ಗೋಡೆಯ ಮೇಲಿನ ಚಿತ್ರಪಟವನ್ನು ನೆಟ್ಟಗೆ ಮಾಡಿದ ಮೇಲೆಯೇ ಬಾಯಿ ತೆರೆದಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಬೈತಲೆ ಸೊಟ್ಟಗಿದೆ ಎಂದು ಹೇಳಿ ಎರಡು ದಿನ ಅವಳ ಮಾತಿಗೆ ಎರವಾಗಿದ್ದ. ಆದರೆ ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಒಂದೇ ಬೆರಳಿಗೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು.

ಈ ಹುಚ್ಚು ಹತ್ತಿಸಿದವಳು ಅವನ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನಾರು. ಶಾಲೆಯೊಂದರಲ್ಲಿ ನೆಲ, ಬಚ್ಚಲು ತೊಳೆಯುವ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು. ಮದುವೆಯ ಮಾತು ಬಂದಾಗ ಇವನು ದೊಡ್ಡವನಾಗಲಿ ಎಂದಳು. ಇವನು ದೊಡ್ಡವನಾದ ಮೇಲೆ ಇನ್ಯಾಕೆ ಎಂದಳು. ಅವನನ್ನು ಮರಗೆಲಸಕ್ಕೆ ಬಿಟ್ಟ ದಿನ ಹೇಳಿದ್ದು ಒಂದೇ ಮಾತು: "ಹೊಟ್ಟೆಗೆ ಕಮ್ಮಿಯಾದ್ರೂ ಪರವಾಗಿಲ್ಲ, ಸೊಟ್ಟ ಕೆಲಸ ಮಾಡಿ ನನ್ನ ಮುಖಕ್ಕೆ ಮಸಿ ಬಳಿಬೇಡ." ಅಕ್ಕ ಹೇಳಿದ ಬೇರೆಲ್ಲ ಮಾತನ್ನೂ ಒಂದಲ್ಲ ಒಂದು ಸಲ ಮೀರಿದ್ದಾನೆ, ಇದೊಂದನ್ನು ಮೀರಿಲ್ಲ.

ಆ ಅಕ್ಕನಿಗೆ ಈಗ ಎಪ್ಪತ್ತೆರಡು. ಎದೆಯಲ್ಲಿ ಉಸಿರು ಸಾಲದು. ತಗಡಿನ ಸೂರಿನ ತನ್ನ ಒಂಟಿ ಕೋಣೆಯಲ್ಲಿ ಈ ಬೇಸಿಗೆ ಕಳೆದರೆ ಆಸ್ಪತ್ರೆಯ ಮಂಚವೇ ಗತಿ, ಕಿಟಕಿ ಮುಚ್ಚಿದ ತಂಪು ಕೋಣೆ ಬೇಕು, ಬಿಸಿಯೂ ಧೂಳೂ ತಾಕಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ತಮ್ಮನ ಮನೆಗೆ ಬರಲು ಅವಳು ಒಪ್ಪಿದಳೇನೋ ಸರಿ. ಆದರೆ "ಮೂರು ದಿನ ನೆಂಟಸ್ತಿಕೆ, ನಾಲ್ಕನೇ ದಿನ ತಂಟೆ" ಎಂಬುದು ಅವಳು ತನಗೆ ತಾನೇ ಹಾಕಿಕೊಂಡ ಕಾನೂನು. ಯಾರ ಮನೆಯಲ್ಲೂ ನಾಲ್ಕನೇ ರಾತ್ರಿ ಮಲಗಿದವಳಲ್ಲ. ಬೇಸಿಗೆ ಮುಗಿಯುವ ತನಕ ಅವಳನ್ನು ಹೇಗಾದರೂ ಉಳಿಸಿಕೊಳ್ಳಬೇಕು, ಬಡಗಿಗೆ ಬೇಕಾಗಿದ್ದದ್ದು ಅಷ್ಟೇ. ಇರು ಎಂದು ಬಾಯಿಬಿಟ್ಟು ಕೇಳುವುದು ಅವನ ಜಾಯಮಾನದಲ್ಲಿಲ್ಲ. ಮರ ಕೊಟ್ಟರೆ ಮಾತಾಡಿಸಿಯಾನು, ಮನುಷ್ಯರೆದುರು ಅವನ ನಾಲಿಗೆ ಏಳದು.

ಹಾಗಾಗಿ ಏಸಿ ತಂದ. ಹಳೇ ಸಾಮಾನಿನ ಅಂಗಡಿಯಿಂದ, ಕಿಟಕಿಯಲ್ಲಿ ಕೂರಿಸುವಂಥ ಪೆಟ್ಟಿಗೆ. ಅಂಗಡಿಯವನು ಹಗ್ಗ ಬಿಗಿಯುತ್ತಾ, ಕೂರಿಸುವಾಗ ಹಿಂದಕ್ಕೆ ಒಂದು ಚೂರು ಇಳಿಜಾರು ಕೊಡಿ ಎಂದಿದ್ದ. ನೆಟ್ಟಗೆ ಕೂರಿಸಲು ಬಾರದವರು ಕಟ್ಟಿಕೊಂಡ ನೆಪ ಇದು ಎಂದುಕೊಂಡು ಬಡಗಿ ನಕ್ಕು ಸುಮ್ಮನಾದ. ಕಿಟಕಿಗೆ ತೇಗದ ಚೌಕಟ್ಟು ಮಾಡಿ, ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಹಿಡಿದು ನೋಡಿದ. ಗುಳ್ಳೆ ನಟ್ಟನಡುವೆ ನಿಂತಿತು. ಅರ್ಧ ಗಂಟೆ ಓಡಿಸಿದಾಗ ಕೋಣೆ ತಣ್ಣಗಾಯಿತು. ಹೆಂಡತಿ ಬಂದು ನೋಡಿ, ಇಷ್ಟು ವರ್ಷ ನಾನು ಬೆವರಿದ್ದು ಕಣ್ಣಿಗೆ ಬೀಳಲಿಲ್ಲವಲ್ಲ ಎಂದಳು. ಹಾಗೆಂದವಳೇ ಮಂಚಕ್ಕೆ ಒಗೆದ ಹೊದಿಕೆ ಹಾಸಿದಳು.

ಅಕ್ಕ ಬಂದ ದಿನ ಮಧ್ಯಾಹ್ನವೇ ನೀರು ಸೋರಲು ಶುರುವಾಯಿತು. ಪೆಟ್ಟಿಗೆಯ ಮುಂದಿನ ಅಂಚಿನಿಂದ ತೊಟ್ಟು ತೊಟ್ಟಾಗಿ ಮಂಚದ ಕಾಲ ಬಳಿ ಬೀಳುತ್ತಿತ್ತು. ಬಡಗಿ ಜಾಲರಿ ಬಿಚ್ಚಿದ. ಅದರ ಮೇಲೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಸಿಕ್ಕಿತು ಕಳ್ಳ ಎಂದುಕೊಂಡು ನಲ್ಲಿಯ ಕೆಳಗೆ ಹಿಡಿದು ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದ. ಗಾಳಿ ಜೋರಾಗಿ ಬಂತು, ನೀರೂ ಮೊದಲಿನಷ್ಟೇ ಜೋರಾಗಿ ಬಂತು.

ಮಾರನೆಯ ದಿನ ಮೇಜು ಹತ್ತಿ ಒಳಗಿನ ತಗಡಿನ ಪದರಗಳನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಸವರಿದ. ಹೊರಗೆ ಏಣಿ ಹಾಕಿ, ಹಿಂಬದಿಯಲ್ಲಿ ನೀರು ಹೋಗುವ ತೂತಿಗೆ ತಂತಿ ತೂರಿಸಿ ಕೊಳೆತ ಎಲೆ, ಕಣಜ ಕಟ್ಟಿದ ಮಣ್ಣು ಎಲ್ಲ ಎಳೆದು ಹಾಕಿದ. ಸಂದಿಗಳಿಗೆ ಸ್ಪಂಜು ತುರುಕಿದ. ಪ್ರತಿ ಸಲವೂ ಕೊನೆಗೆ ರಸಮಟ್ಟ ಇಟ್ಟು, ಕೂದಲಷ್ಟು ಅಲುಗಿದ್ದರೂ ಸರಿಮಾಡಿದ. ಒಂದು ಗಂಟೆ ಕಳೆಯುವುದರೊಳಗೆ ಮತ್ತೆ ತೊಟ್ಟು.

ಅವನನ್ನು ಕಾಡಿದ್ದು ನೀರಲ್ಲ. ಅಕ್ಕ ಸದ್ದಿಲ್ಲದೆ ಎದ್ದು, ಗೋಡೆ ಹಿಡಿದು ನಡೆದು, ಸೋರುವಲ್ಲಿ ಇಟ್ಟಿದ್ದ ಬಕೆಟ್ಟು ತುಂಬಿದಾಗಲೆಲ್ಲ ತಾನೇ ಚೆಲ್ಲಿ ಬರುತ್ತಿದ್ದಳು. ಬಿಡಿ ಅತ್ತಿಗೆ ಎಂದು ಹೆಂಡತಿ ಕಸಿದುಕೊಂಡರೆ, ಉಸಿರು ಎಳೆಯುತ್ತಲೇ ಇದೇನು ಮಹಾ ಎನ್ನುತ್ತಿದ್ದಳು. ಆರಾಮ ಮಾಡಲೆಂದು ಕರೆಸಿ ಮತ್ತೆ ಬಚ್ಚಲ ಕೆಲಸಕ್ಕೇ ಹಚ್ಚಿದೆನಲ್ಲ ಎಂದು ಬಡಗಿಗೆ ನಾಚಿಕೆಯಾಯಿತು. ಮೂರನೆಯ ದಿನ ಸಂಜೆ ಅಕ್ಕ ತನ್ನ ಸೀರೆಗಳನ್ನು ಮಡಿಸಿಟ್ಟು, ನಾಳೆ ತಿಂಡಿ ಮುಗಿಸಿ ಹೊರಡುತ್ತೇನೆ, ನಿಮಗೂ ತಾಪತ್ರಯ ತಪ್ಪುತ್ತದೆ ಎಂದಳು. ಇವನು ಸ್ಕ್ರೂ ಡ್ರೈವರನ್ನು ನೋಡುತ್ತಾ ನಿಂತ.

ಬೆಳಿಗ್ಗೆ ಐದಕ್ಕೇ ಎದ್ದು ಮತ್ತೆ ಮೇಜು ಹತ್ತಿದ. ಅಕ್ಕ ಮಂಚದಲ್ಲಿ ಮಲಗಿಕೊಂಡೇ ನೋಡುತ್ತಿದ್ದಳು. ಮೂರು ದಿನದಿಂದ ಅವಳಿಗೆ ನೋಡಲು ಆ ಪೆಟ್ಟಿಗೆ ಬಿಟ್ಟರೆ ಬೇರೇನಿತ್ತು? ಅವನು ಜೇಬಿನಿಂದ ರಸಮಟ್ಟ ತೆಗೆದಾಗ ಅವಳು ಕೇಳಿದಳು.

"ಒಳಗೆ ನೀರು ತಾನೇ ಹುಟ್ಟುತ್ತಾ ಇದಕ್ಕೆ?"

ಹೌದು, ತಂಪಾದಾಗ ನೀರಾಗುತ್ತದೆ, ಹಿಂದಿನ ತೂತಿನಿಂದ ಹೋಗಬೇಕು ಎಂದ.

"ಮತ್ತೆ ಬಚ್ಚಲಿದ್ದ ಹಾಗೇ ಆಯ್ತಲ್ಲೋ. ಮೂವತ್ತು ವರ್ಷ ಬಚ್ಚಲು ತೊಳ್ದಿದ್ದೀನಿ. ಬಚ್ಚಲನ್ನ ಯಾರಾದ್ರೂ ಮಟ್ಟಸವಾಗಿ ಹಾಕ್ತಾರಾ?"

ಬಚ್ಚಲು ಗಾರೆಯವರ ಕೆಲಸ, ತನಗೇನು ಗೊತ್ತು ಎಂದು ಹೇಳಲು ಬಾಯಿ ತೆರೆದವನಿಗೆ ಅಂಗಡಿಯವನ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ಆದರೂ ಮನಸ್ಸು ಬಾರದು. ಆ ಚೌಕಟ್ಟಿನಲ್ಲಿ ಪೆಟ್ಟಿಗೆ ಓರೆಯಾದರೆ ಒಳಗೆ ಕಾಲಿಟ್ಟವರಿಗೆಲ್ಲ ಕಾಣುತ್ತದೆ. ಅದೂ ಅಕ್ಕನ ಕಣ್ಣೆದುರು, ಅಕ್ಕನಿಗಾಗಿಯೇ ಮಾಡಿದ ಕೆಲಸದಲ್ಲಿ. ಅವನು ಮೇಜಿನ ಮೇಲೇ ನಿಂತು, ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದ.

"ಸೊಟ್ಟ ಕಾಣುತ್ತೆ ಅಕ್ಕ. ನೀನೇ ಹೇಳಿದ್ದೆ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಲವತ್ತೇಳು ವರ್ಷದ ಹಿಂದಿನ ಮಾತನ್ನು ಇವನು ಇನ್ನೂ ಜೋಪಾನ ಮಾಡಿಕೊಂಡಿದ್ದಾನೆ ಎಂದು ಅವಳಿಗೇನು ಗೊತ್ತು? ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೂ ಕಣ್ಣು ಒದ್ದೆಯಾಗಿಯೇ ಇತ್ತು.

"ನಾನು ಹೇಳಿದ್ದು ಮೋಸದ ಕೆಲಸ ಮಾಡಬೇಡ ಅಂತ ಕಣೋ. ನೀರು ಹೋಗೋ ದಾರಿ ಓರೆ ಇದ್ರೇನೇ ಅದು ನೆಟ್ಟಗಿನ ಕೆಲಸ."

ಹೆಂಡತಿಯನ್ನು ಕರೆದು ಪೆಟ್ಟಿಗೆಯ ಮುಂಭಾಗ ಎತ್ತಿ ಹಿಡಿಯಲು ಹೇಳಿದ. ಅವಳು ಹಿಡಿದುಕೊಂಡೇ, ನನ್ನ ಬೈತಲೆಗೂ ಇದೇ ನ್ಯಾಯ ತಾನೇ ಎಂದು ಕೇಳಿದಳು. ಅವನು ಒಂದು ಬೆರಳು ದಪ್ಪದ ಮರದ ಪಟ್ಟಿಯನ್ನು ಅಡಿಗೆ ಸೇರಿಸಿದ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ದಾರಿ ತಪ್ಪಿದವರ ಹಾಗೆ ಒಂದು ಕೊನೆಗೆ ಓಡಿ ನಿಂತಿತು. ಹಲ್ಲು ಕೀಳಿಸಿಕೊಂಡಾಗಲೂ ಅವನಿಗೆ ಅಷ್ಟು ಸಂಕಟವಾಗಿರಲಿಲ್ಲ. ಕಣ್ಣು ಮುಚ್ಚಿ ಸ್ಕ್ರೂ ಬಿಗಿದ.

ಏಸಿ ಹಾಕಿ ಮೂವರೂ ಕಾದರು. ಒಂದು ಗಂಟೆಯಾಯಿತು, ಎರಡಾಯಿತು. ಹೆಂಡತಿ ಮುಂದಿನ ಅಂಚಿಗೆ ಕೈಯಿಟ್ಟು ಬೆರಳು ತೋರಿಸಿದಳು, ಒಣಗಿತ್ತು. ಹೊರಗೆ ಗೋಡೆಯ ಬುಡದಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಬಡಗಿಗೆ ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ತಿಂಡಿ ಮುಗಿದಿತ್ತು, ಇಂದು ನಾಲ್ಕನೆಯ ದಿನ. ಅಕ್ಕನನ್ನು ಬಿಟ್ಟುಬರಲೆಂದು ಅವನು ಅಂಗಿ ಬದಲಿಸಿ, ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತ.

ಅಕ್ಕ ಮಂಚದಿಂದ ಏಳಲಿಲ್ಲ. ತಲೆದಿಂಬಿನ ಪಕ್ಕದ ಗೋಡೆಯನ್ನು ಕೈಯಿಂದ ಸವರುತ್ತಾ ಹೇಳಿದಳು.

"ಇಲ್ಲೊಂದು ಹಲಗೆ ಹೊಡೆದು ಕೊಡ್ತೀಯೇನೋ? ಔಷಧಿ ಇಟ್ಕೊಳ್ಳೋಕೆ."

ಊರಿನ ಅರ್ಧ ಮನೆಗಳಿಗೆ ಬಾಗಿಲು ಮಾಡಿದವನು ಅವನು. ಅಕ್ಕ ಮಾತ್ರ ಇಷ್ಟು ವರ್ಷದಲ್ಲಿ ಅವನಿಂದ ಒಂದು ಮಣೆಯನ್ನೂ ಮಾಡಿಸಿಕೊಂಡಿರಲಿಲ್ಲ. ತಾನೇ ಮಾಡಿಕೊಡುತ್ತೇನೆಂದಾಗಲೆಲ್ಲ ನನಗ್ಯಾಕೆ, ಬೇರೆಯವರ ಕೆಲಸ ನೋಡು ಎಂದು ತಳ್ಳಿಹಾಕಿದ್ದಳು. ಎಷ್ಟು ದೊಡ್ಡದು ಬೇಕು ಎಂದು ಕೇಳುವಾಗ ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಮಳೆಗಾಲದವರೆಗಿನ ಔಷಧಿ ಹಿಡಿಸಬೇಕು," ಎಂದಳು ಅಕ್ಕ.

ಅವನು ಹಾಕಿದ್ದ ಅಂಗಿಯನ್ನು ಅಲ್ಲೇ ಬಿಚ್ಚಿ ಕುರ್ಚಿಯ ಮೇಲೆಸೆದು, ಮರ ತರಲು ಹಿತ್ತಲಿಗೆ ಹೋದ.