ಮೆಣಸಿನಕಾಯಿ ಊರಿನ ಕೆರೆಮೆಟ್ಟಿಲು

ಹಾವೇರಿಯಲ್ಲಿ ನಗರ ಯೋಜಕನಾಗಿದ್ದ ನನಗೆ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ಬ್ಯಾಡಗಿಯ ಒಂದು ಕೆರೆದಂಡೆಗೆ ಉದ್ಯಾನ ರೂಪಿಸುವ ಕೆಲಸ ಬಂತು. ವಾಕಿಂಗ್ ಪಾಥ್, ಬೆಂಚು, ಸುತ್ತ ಕಬ್ಬಿಣದ ರೇಲಿಂಗ್, ಎರಡು ಗೇಟು. ಇಂಥ ಕೆಲಸಕ್ಕೆ ಮೊದಲು ಯೂಸರ್ ಸರ್ವೆ ಮಾಡುತ್ತೇವೆ. ಅಂದರೆ ದಂಡೆಯ ಮೇಲೆ ಕುಳಿತು, ಯಾರು ಎಲ್ಲಿಂದ ನೀರಿಗೆ ಇಳಿಯುತ್ತಾರೆಂದು ಎಣಿಸುವುದು. ಶ್ರಾವಣದಲ್ಲಿ ಒಂದು ವಾರ ಛತ್ರಿ ಹಿಡಿದು ಎಣಿಸಿದೆ.

ಪಡುವಣ ಮೆಟ್ಟಿಲಿಗೆ ಒಬ್ಬರೂ ಬರಲಿಲ್ಲ. ಆದರೆ ಅಲ್ಲಿನ ಕಲ್ಲು ಸವೆದು ನುಣುಪಾಗಿತ್ತು. ಪಕ್ಕದ ಬೇವಿನ ಮರಕ್ಕೆ ಎದೆಯೆತ್ತರದಲ್ಲಿ ಯಾರೋ ಸುತ್ತಲೂ ಮೊಳೆ ಹೊಡೆದಿದ್ದರು, ಎಣಿಸಿದರೆ ಇಪ್ಪತ್ತಾರು. ಯಾಕಿರಬಹುದೆಂದು ತಲೆ ಕೆಡಿಸಿಕೊಂಡೆನೇ ಹೊರತು ಯಾರನ್ನೂ ಕೇಳಲಿಲ್ಲ. ವರದಿಯಲ್ಲಿ ‘ಬಳಕೆಯಿಲ್ಲ’ ಎಂದು ಬರೆದು ಆ ಬದಿಯನ್ನು ರೇಲಿಂಗಿನಿಂದ ಮುಚ್ಚಿಸಿದೆ.

ಮಾಘದಲ್ಲಿ ತಪಾಸಣೆಗೆ ಹೋದಾಗ ಮೆಣಸಿನಕಾಯಿ ಸುಗ್ಗಿ. ಸಂಜೆ ಎರಡೂ ಗೇಟಿಗೆ ಬೀಗ ಬಿದ್ದ ಮೇಲೆ ರೇಲಿಂಗಿನ ಹೊರಗೆ ಹತ್ತಿಪ್ಪತ್ತು ಹಮಾಲರು ಒಗೆದ ಅಂಗಿ ಹಿಡಿದು ನಿಂತಿದ್ದರು. ಮೊಳೆಗಳ ಗುಟ್ಟು ಆಗ ತಿಳಿಯಿತು. ಮಾರುಕಟ್ಟೆಯಲ್ಲಿ ಚೀಲ ಹೊತ್ತವರು ಖಾರದ ಧೂಳು ತೊಳೆದುಕೊಳ್ಳದೆ ಮನೆಯ ಹೊಸ್ತಿಲು ದಾಟುವುದಿಲ್ಲ. ಸ್ನಾನ ಮುಗಿಯುವತನಕ ಒಗೆದ ಅಂಗಿ ಆ ಮೊಳೆಗೆ ತೂಗುತ್ತದೆ. ಅವರ ಓಣಿಗಳಲ್ಲಿ ನಳದ ನೀರು ವಾರಕ್ಕೊಮ್ಮೆ. ಅದು ಕುಡಿಯಲಷ್ಟೇ ಸಾಲುತ್ತಿತ್ತು.

ನನಗೆ ನಾಚಿಕೆಯಾಯಿತು. ಅವಸರದಲ್ಲಿ, ಸೋಲಾರ್ ಬಿಸಿನೀರಿನ ಸ್ನಾನಗೃಹವನ್ನೇ ಕಟ್ಟಿಸೋಣ ಎಂದೆ. ಉಳಿದವರು ನಕ್ಕರು. ಮೂರು ತಿಂಗಳ ಹೆಣ್ಣುಮಗುವಿನ ತಂದೆ ಫಕ್ಕೀರಪ್ಪ ಮಾತ್ರ ನಗಲಿಲ್ಲ.

“ಬಿಸಿನೀರ ಬಿದ್ರ ಉರಿ ಇನ್ನಾ ಹೆಚ್ಚಾಕ್ಕೈತ್ರಿ ಸಾಹೇಬ್ರ. ತಣ್ಣೀರ ಬೇಕ. ನಾಕ ದಿನಾ ಆತು, ನಾ ಕೂಸಿನ್ನ ಮುಟ್ಟಿಲ್ಲ.”

ನಕ್ಷೆ ಬದಲಿಸುವುದು ಸುಲಭವಿರಲಿಲ್ಲ. ಉದ್ಯಾನದಲ್ಲಿ ಸ್ನಾನವೇ ಎಂದು ಮೇಲಿನವರು ಮೂಗು ಮುರಿದರು. ನನ್ನ ಸರ್ವೆಯೇ ತಪ್ಪು ಎಂದು ಬರೆದುಕೊಟ್ಟೆ. ವೃತ್ತಿಯಲ್ಲಿ ಹಾಗೆ ಬರೆದದ್ದು ಅದೊಂದೇ ಸಲ. ಎರಡು ವಾರದಲ್ಲಿ ರೇಲಿಂಗ್ ಕತ್ತರಿಸಿ ದಾರಿ ಬಿಟ್ಟೆವು. ಅಲ್ಲಿ ಗೇಟೂ ಇಲ್ಲ, ಬೀಗವೂ ಇಲ್ಲ.

ಮುಂದಿನ ಮೆಣಸಿನಕಾಯಿ ಹರಾಜಿನ ದಿನ ಕುತೂಹಲ ತಡೆಯದೆ ಬೆಳಗಿನಿಂದ ಮಾರುಕಟ್ಟೆಯಲ್ಲೇ ಸುತ್ತಿದೆ. ಸಂಜೆ ಫಕ್ಕೀರಪ್ಪನ ಜೊತೆ ಅವನ ಮನೆಗೆ ಹೋದೆ. ಕೆರೆಯಲ್ಲಿ ಮಿಂದು ಅಂಗಿ ಬದಲಿಸಿದ್ದ ಅವನು ಮಗಳನ್ನು ಎತ್ತಿ ಎದೆಗವಚಿಕೊಂಡ. ನಾನೂ ಕೈ ಚಾಚಿದೆ. ಅವನು ಕೂಸಿನ ಸಮೇತ ಒಂದು ಹೆಜ್ಜೆ ಹಿಂದೆ ಸರಿದ.

“ಮೊದ್ಲ ಕೆರಿಗೆ ಹೋಗಿ ಬರ್ರಿ ಸಾಹೇಬ್ರ.”

ಹೋದೆ. ಯಾವ ಕಾಲದಲ್ಲಿ, ಯಾರ ಕೆಲಸ ಮುಗಿಯುವ ಹೊತ್ತಿಗೆ ಎಣಿಸಬೇಕೆಂಬುದನ್ನು ನಾನು ಕಲಿತದ್ದು ಆ ಮೆಟ್ಟಿಲ ಮೇಲೆ, ಉರಿಯುವ ಮೈಗೆ ತಣ್ಣೀರು ಸುರಿದುಕೊಳ್ಳುತ್ತ.