ಬಾಗಿಲಿಗೆ ಬಂದ ಹೊಲಿಗೆ ಮಿಷನ್ನು

ಈವತ್ತು ಬೆಳಿಗ್ಗೆ ಕುಕ್ಕರಿನ ರಬ್ಬರ್ ಕೊಳ್ಳೋಣವೆಂದು ಲ್ಯಾಪ್‌ಟಾಪ್ ತೆರೆದು ಕೂತೆ. ನಮ್ಮ ಮನೆಯ ಕುಕ್ಕರು ಒಂದು ವಾರದಿಂದ ಕೂಗುವುದನ್ನು ಬಿಟ್ಟು ಬರೀ ಬುಸುಗುಟ್ಟುತ್ತಿದೆ. ಹೆಚ್ಚೆಂದರೆ ನೂರೈವತ್ತು ರೂಪಾಯಿಯ ಪದಾರ್ಥ. ರಬ್ಬರಿನ ಚಿತ್ರ ಒತ್ತಿದೆನೋ ಇಲ್ಲವೋ, ಪರದೆಯ ಬಲಮೂಲೆಯಿಂದ ಹಸಿರು ಬಣ್ಣದ ಒಂದು ಚೌಕ ಜಾರಿಕೊಂಡು ಬಂದು, ‘ತಾಳಿ, ನಿಮಗಾಗಿ ಕೂಪನ್ ಹುಡುಕುತ್ತಿದ್ದೇವೆ’ ಎಂದಿತು. ಹನ್ನೊಂದು ಕೂಪನ್ ಹುಡುಕಿತು. ಒಂದೊಂದನ್ನೇ ಹಾಕಿ ನೋಡಿತು. ನಾನು ಗಲ್ಲಕ್ಕೆ ಕೈಕೊಟ್ಟು ಕಾದೆ. ಕೊನೆಗೆ, ‘ಅಭಿನಂದನೆಗಳು! ನಿಮಗೆ ಈಗಾಗಲೇ ಅತ್ಯುತ್ತಮ ಬೆಲೆ ಸಿಕ್ಕಿದೆ’ ಎಂದು ಹೇಳಿ ಪರದೆಯ ತುಂಬ ಬಣ್ಣದ ಚೂರು ಎರಚಿತು. ಅಂದರೆ ಒಂದು ಪೈಸೆಯೂ ಕಡಿಮೆಯಾಗಲಿಲ್ಲ ಎಂದು ಅರ್ಥ. ಇದಕ್ಕೆ ಅಭಿನಂದನೆ ಯಾತಕ್ಕೆ, ನೀವೇ ಹೇಳಿ.

ಅಡುಗೆಮನೆಯಿಂದ ನನ್ನ ಹೆಂಡತಿ, “ರಬ್ಬರಿಗೂ ಕೂಪನ್ನೇನ್ರೀ? ಸರ್ಕಲ್ ಹತ್ರ ಪಾತ್ರೆ ಅಂಗಡೀಲಿ ನೇತಾಕಿರ್ತಾರೆ, ಹೋಗಿ ತಂದ್ಬಿಡಿ” ಎಂದಳು. ಆಮೇಲೆ ದನಿ ತಗ್ಗಿಸಿ, ಆದರೆ ನನಗೆ ಕೇಳಿಸುವಷ್ಟು ಮಾತ್ರ ತಗ್ಗಿಸಿ, “ಅಕ್ಕನ ಮಿಷನ್ನಿನ ಕತೆ ಆದ್ಮೇಲೂ ಬುದ್ಧಿ ಬರ್ಲಿಲ್ಲ” ಎಂದು ಸೇರಿಸಿದಳು.

ಐದು ವರ್ಷವಾಯಿತು. ಇಂಥ ಮಾತು ಬಂದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ. ಆದ್ದರಿಂದ ಆ ಕತೆಯನ್ನು ನಾನೇ ಹೇಳಿಬಿಡುತ್ತೇನೆ. ಅವಳ ಬಾಯಲ್ಲಿ ಕೇಳಿದರೆ ನೀವು ನನ್ನ ಮುಖ ನೋಡಲಾರಿರಿ.

ಮೊದಲು ಈ ಹಸಿರು ಚೌಕದ ಜಾತಕ. ಇದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಬ್ರೌಸರಿನ ಮೂಲೆಯಲ್ಲಿ ಒಮ್ಮೆ ಅಂಟಿಸಿಕೊಂಡರೆ ಸಾಕು, ನೀವು ಯಾವ ಅಂಗಡಿಯ ಪುಟಕ್ಕೆ ಹೋದರೂ ಹಿಂದೆಯೇ ಬರುತ್ತದೆ. ಅದರ ಗುಂಡಿ ಒತ್ತಿ ಸಾಮಾನು ಕೊಂಡರೆ ಅಂಗಡಿಯವರು ಅದಕ್ಕೆ ದಲ್ಲಾಳಿ ಹಣ ಕೊಡುತ್ತಾರೆ, ಅದು ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ನಿಮಗೆ ಕೊಡುತ್ತದೆ. ಅದೇ ಕ್ಯಾಶ್‌ಬ್ಯಾಕ್. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಶೇಕಡಾವಾರು ಲೆಕ್ಕ ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟರೊಬ್ಬರು ಇದನ್ನು ತೋರಿಸಿಕೊಟ್ಟ ದಿನವೇ ನಾನು ಒಂದಲ್ಲ, ಮೂರು ಅಂಟಿಸಿಕೊಂಡೆ. ಒಂದು ಕೂಪನ್ ಹುಡುಕುವುದಕ್ಕೆ, ಒಂದು ಕ್ಯಾಶ್‌ಬ್ಯಾಕಿಗೆ, ಇನ್ನೊಂದು ಕಳೆದ ಆರು ತಿಂಗಳಲ್ಲಿ ಬೆಲೆ ಎಷ್ಟು ಏರಿತು ಎಷ್ಟು ಇಳಿಯಿತು ಎಂದು ಗೆರೆ ಎಳೆದು ತೋರಿಸುವುದಕ್ಕೆ. ಸೋಪು ಕೊಳ್ಳಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆ ಮುಕ್ಕಾಲು ಗಂಟೆ ಟ್ಯೂಷನ್ ಹೇಳಿದ್ದರೆ ಪೆಟ್ಟಿಗೆಗಟ್ಟಲೆ ಸೋಪು ಬರುತ್ತಿತ್ತೇನೋ. ಆ ಲೆಕ್ಕ ಮಾತ್ರ ಈ ಗಣಿತದ ಮೇಷ್ಟರಿಗೆ ಹೊಳೆಯಲಿಲ್ಲ.

ಇದು ರಕ್ತದಲ್ಲಿ ಬಂದದ್ದು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಮ್ಮವ್ವ ಮಾರ್ಕೆಟ್ಟಿಗೆ ಹೋದರೆ ತೂಕ ಮುಗಿದ ಮೇಲೆ, “ಕೊಸರು ಆಕಪ್ಪ” ಎಂದು ಚೀಲದ ಬಾಯಿ ತೆರೆದು ನಿಲ್ಲುತ್ತಿದ್ದಳು. ಎರಡು ಬದನೆಕಾಯೋ ಒಂದು ಹಿಡಿ ಹಸಿಮೆಣಸಿನಕಾಯೋ ಬೀಳುವವರೆಗೆ ಅಲ್ಲಿಂದ ಕಾಲು ಕೀಳುತ್ತಿರಲಿಲ್ಲ. ಹಿಂದೆ ನಿಂತ ನಾನು ನಾಚಿಕೆಯಿಂದ ಪಕ್ಕದ ಹೂವಿನ ಅಂಗಡಿ ನೋಡುತ್ತಿದ್ದೆ. ಕ್ಯಾಶ್‌ಬ್ಯಾಕು ಅಂದರೆ ಅವ್ವನ ಕೊಸರೇ ಅಲ್ಲವೆ, ಏನು ತಪ್ಪು, ಎಂದು ನನ್ನ ವಾದ. ಆದರೆ ಅವ್ವ ಕೊಸರಿಗಾಗಿ ಚೀಲದಲ್ಲಿದ್ದ ಬದನೆಕಾಯಿಯನ್ನು ವಾಪಸ್ ಸುರಿದು ಬಂದವಳಲ್ಲ. ಆ ಕೆಲಸ ಮಾಡಿದವನು ನಾನು.

ನಮ್ಮಕ್ಕ ಇರುವುದು ಕುಂಬಾರಕೊಪ್ಪಲಿನಲ್ಲಿ. ನಮ್ಮ ವಿಜಯನಗರದ ಮನೆಯಿಂದ ನಡೆದೇ ಹೋಗಬಹುದು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲೆಯುತ್ತಾಳೆ. ಬೋರ್ಡಿಲ್ಲ, ರಸೀತಿಯಿಲ್ಲ. ಶುಕ್ರವಾರ ಎಂದರೆ ಶುಕ್ರವಾರ ಕೊಡುತ್ತಾಳೆ, ಅದೇ ಅವಳ ಬೋರ್ಡು. ಯಾವ ದರ್ಜಿಯ ಬಗ್ಗೆ ಈ ಮಾತು ಹೇಳಬಹುದು ಎಂದು ನಿಮ್ಮ ಮನೆಯ ಹೆಂಗಸರನ್ನು ಕೇಳಿ ನೋಡಿ.

ಆ ವರ್ಷ ಅವರ ಬೀದಿಯ ಜಯಮ್ಮನವರ ಮಗಳ ಮದುವೆ. ಹದಿನಾಲ್ಕು ಬ್ಲೌಸ್ ಅಕ್ಕನ ಪಾಲಿಗೆ ಬಂದವು, ಮದುಮಗಳದ್ದೂ ಸೇರಿ. ಇನ್ನು ಇಪ್ಪತ್ತು ದಿನವಿದೆ ಎನ್ನುವಾಗ ಅವಳ ಹಳೆಯ ತುಳಿಯುವ ಮಿಷನ್ನು ಕೈಕೊಟ್ಟಿತು. ಭಾವನೇ ಬಿಚ್ಚಿ ನೋಡಿ, ಇದರ ಆಯಸ್ಸು ಮುಗೀತು ಎಂದರು. ಅಕ್ಕ ಚೀಟಿ ಎತ್ತಿದ ಹತ್ತು ಸಾವಿರ ತಂದು ನನ್ನ ಕೈಗಿಟ್ಟಳು.

“ನೀನು ಅದೇನೋ ಕಂಪ್ಯೂಟರಲ್ಲಿ ಕಮ್ಮಿಗೆ ತರಿಸ್ತೀಯಂತಲ್ಲ. ಬಿರ್ರನೆ ತರಿಸ್ಕೊಡು ಕಣ್ಲಾ. ಜಯಮ್ಮಂಗೆ ಮಾತು ಕೊಟ್ಬುಟ್ಟಿದೀನಿ.”

‘ಬಿರ್ರನೆ’ ಎಂಬ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ. ‘ಕಮ್ಮಿಗೆ’ ಎಂಬುದನ್ನು ಕೇಳಿಸಿಕೊಂಡೆ. ಬೆಲೆಯ ಗೆರೆ ಇಳಿಯಲಿ ಎಂದು ನಾಲ್ಕು ದಿನ ಕಾದೆ. ಅದು ಇಳಿಯಲಿಲ್ಲ. ಆದರೆ ಐದನೆಯ ದಿನ ಕ್ಯಾಶ್‌ಬ್ಯಾಕ್ ಶೇಕಡಾ ಎರಡರಿಂದ ಎಂಟಕ್ಕೆ ಏರಿತು. ಎಂಟುನೂರು ರೂಪಾಯಿ! ಕೂಡಲೇ ಆರ್ಡರ್ ಮಾಡಿ, ಬುಧವಾರ ಬರುತ್ತದೆ ಎಂದು ಅಕ್ಕನಿಗೆ ಫೋನು ಮಾಡಿದೆ. ಅಲ್ಲಿಗೇ ಬಿಟ್ಟಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ಮಂಗಳವಾರ ನೋಡುತ್ತೇನೆ, ಕ್ಯಾಶ್‌ಬ್ಯಾಕಿನ ಖಾತೆಯಲ್ಲಿ ಎಂಟುನೂರರ ಸುಳಿವೇ ಇಲ್ಲ. ತನಿಖೆ ಮಾಡಿದಾಗ ತಿಳಿದದ್ದು ಇಷ್ಟು: ಹಣ ಕೊಡುವ ಹೊತ್ತಿಗೆ ಕೂಪನ್ ಹುಡುಕುವ ಎಕ್ಸ್‌ಟೆನ್ಶನ್ ನಡುವೆ ತಲೆಹಾಕಿ, ಈ ಗಿರಾಕಿಯನ್ನು ಕರೆತಂದವನು ನಾನೇ ಎಂದು ಅಂಗಡಿಯವರಿಗೆ ಹೇಳಿಬಿಟ್ಟಿದೆ. ಕೊನೆಯಲ್ಲಿ ಮುಟ್ಟಿದವನಿಗೇ ದಲ್ಲಾಳಿ ಹಣ. ಕೂಪನ್ನೂ ಸಿಗಲಿಲ್ಲ, ಕ್ಯಾಶ್‌ಬ್ಯಾಕೂ ಸಿಗಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ಆರ್ಡರನ್ನೇ ರದ್ದು ಮಾಡಿದೆ. ಕ್ಯಾಶ್‌ಬ್ಯಾಕಿನದೊಂದನ್ನು ಬಿಟ್ಟು ಉಳಿದೆರಡು ಎಕ್ಸ್‌ಟೆನ್ಶನ್ನುಗಳನ್ನು ಆಫ್ ಮಾಡಿ, ಕ್ರಮವಾಗಿ ಗುಂಡಿ ಒತ್ತಿ, ಅದೇ ಮಿಷನ್ನನ್ನು ಮತ್ತೆ ಆರ್ಡರ್ ಮಾಡಿದೆ. ಹಳೆಯ ಪಾರ್ಸೆಲ್ ದಾರಿಯಲ್ಲಿದ್ದರೆ ತೆಗೆದುಕೊಳ್ಳಬೇಡಿ ಎಂದು ಸಂದೇಶ ಬಂತು. ಎರಡು ದಿನ ತಡವಾದೀತು, ಅಕ್ಕನಿಗೇನು ಹೇಳುವುದು ಎಂದು ಸುಮ್ಮನಿದ್ದೆ.

ಬುಧವಾರ ಮೂರನೇ ಪೀರಿಯಡ್ ಮುಗಿಸಿ ಬಂದು ಕೂತಿದ್ದೆ. ಫೋನು ಬಂತು.

“ಸಾರ್, ಡೆಲಿವರಿ. ಕುಂಬಾರಕೊಪ್ಪಲಲ್ಲಿ ನಿಮ್ಮನೆ ಬಾಗ್ಲಲ್ಲೇ ಇದೀನಿ. ಓಟಿಪಿ ಹೇಳಿ ಸಾರ್.”

“ಅದು ರದ್ದಾಗಿದೆ. ವಾಪಸ್ ತಗೊಂಡು ಹೋಗಿ” ಎಂದೆ.

“ಇಳ್ಸಾಯ್ತಲ್ಲ ಸಾರ್. ಅಮ್ಮೋರು ಪೂಜೆ ಮಾಡ್ತಾವ್ರೆ.”

ನಂತರ ಫೋನು ಕೈ ಬದಲಾಯಿತು. ಅಕ್ಕನ ದನಿ ಮದುವೆ ಮನೆಯಲ್ಲಿ ಮಾತಾಡುವಂತಿತ್ತು. “ಬಂತು ಕಣ್ಲಾ ಮಿಷನ್ನು! ಅರಿಸ್ನ ಕುಂಕುಮ ಇಟ್ಟಿದೀನಿ, ಜಯಮ್ಮನೂ ಬಂದವ್ಳೆ. ಅದ್ಯಾವ್ದೋ ನಂಬ್ರ ಕೇಳ್ತಾವ್ರೆ, ಹೇಳು.”

“ಅಕ್ಕ, ಅದನ್ನ ವಾಪಸ್ ಕಳ್ಸು. ಇನ್ನೊಂದು ಬರ್ತದೆ, ಎರಡೇ ದಿನ.”

“ಯಾಕ್ಲಾ? ಇದಕ್ಕೇನಾಗದೆ?”

“ಏನೂ ಆಗಿಲ್ಲ” ಎಂದೆ.

ಎಂಟುನೂರು ರೂಪಾಯಿಯ ವಿಷಯವನ್ನು ಆಗ ಅವಳಿಗೆ ಬಿಡಿಸಿ ಹೇಳುವುದು ನನ್ನಿಂದ ಆಗಲಿಲ್ಲ. ಆ ನಾಲ್ಕು ಅಂಕಿಗಳ ನಂಬರು ನನ್ನ ಫೋನಿನಲ್ಲೇ ಇತ್ತು. ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಭಾವ ಆಮೇಲೆ ವಿವರ ಕೊಟ್ಟರು. ಕುಂಕುಮವಿಟ್ಟ ಪೆಟ್ಟಿಗೆಯನ್ನು ಆ ಮನುಷ್ಯ ಹಾಗೆಯೇ ಗಾಡಿಗೆ ಏರಿಸಿಕೊಂಡನಂತೆ. ಒಡೆಯಲು ತಂದಿದ್ದ ತೆಂಗಿನಕಾಯಿಯನ್ನು ಅಕ್ಕ ಒಳಗೆ ತೆಗೆದುಕೊಂಡು ಹೋದಳಂತೆ. ಪೂಜೆ ಮಾಡಿದ ಮಿಷನ್ನನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದ್ದನ್ನು ಆ ಬೀದಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಎರಡನೆಯ ಮಿಷನ್ನು ಎರಡು ದಿನಕ್ಕೆ ಬರಲಿಲ್ಲ. ‘ವಿತರಣೆಯಲ್ಲಿ ತುಸು ವಿಳಂಬ’ ಎಂದು ದಿನಾ ಒಂದು ಸಂದೇಶ ಬಂತು. ಆ ತುಸು ಹತ್ತೊಂಬತ್ತು ದಿನವಾಯಿತು. ಅಂಗಡಿಯಿಂದ ತಂದುಬಿಡೋಣವೆಂದರೆ ಮೊದಲನೆಯ ಆರ್ಡರಿಗೆ ಹೋದ ಅಕ್ಕನ ಹಣ ವಾಪಸ್ ಬಂದಿರಲಿಲ್ಲ, ಎರಡನೆಯದಕ್ಕೆ ನನ್ನ ಕೈಯಲ್ಲಿದ್ದದ್ದೂ ಹೋಗಿತ್ತು, ತಿಂಗಳ ಕೊನೆ ಬೇರೆ. ಅಕ್ಕ ಹಿಂದಿನ ಬೀದಿಯವರ ಮಿಷನ್ನಿನಲ್ಲಿ ಅವರಿಗೆ ಬಿಡುವಾದಾಗ ಕೂತು ಐದು ಬ್ಲೌಸ್ ಹೊಲೆದಳು. ಮದುವೆ ಹತ್ತಿರವಾದಾಗ ಉಳಿದ ಒಂಬತ್ತು ರವಿಕೆ ಕಣವನ್ನು ಲೈನಿಂಗ್, ಅಳತೆ ಬ್ಲೌಸಿನ ಸಮೇತ ಮಡಿಸಿ ಜಯಮ್ಮನವರಿಗೆ ಕೊಡಲು ಹೊರಟಳು. ಚೀಲ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಮದುಮಗಳ ಕಣವೂ ಅದರಲ್ಲಿತ್ತು.

“ಇರ್ಲಿ ಬುಡಕ್ಕ, ಮೇನ್ ರೋಡ್ ಟೈಲರ್‌ಗೆ ಕೊಟ್ರಾಯ್ತು” ಎಂದರು ಜಯಮ್ಮ. ಮುಖ ಮಾತ್ರ ಗಂಟಾಗಿತ್ತು. ಕಾಫಿ ಕೊಟ್ಟರು. ಅಕ್ಕ ಕುಡಿಯಲಿಲ್ಲ. ಅವಳು ಜನ್ಮದಲ್ಲಿ ಹೊಲೆಯದ ಬಟ್ಟೆಯನ್ನು ಹಿಂದಕ್ಕೆ ಕೊಟ್ಟವಳಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಆಮೇಲೆ ಜಯಮ್ಮನವರ ಮನೆಯಿಂದ ಒಂದು ಬ್ಲೌಸೂ ಅವಳಿಗೆ ಬಂದಿಲ್ಲ. ಚೀಲ ಹಿಡಿದು ಅವಳ ಕಿಟಕಿಯ ಮುಂದೆಯೇ ಮೇನ್ ರೋಡಿಗೆ ಹೋಗುತ್ತಾರೆ.

ಕೊನೆಗೂ ಮಿಷನ್ನು ಬಂದ ದಿನ ಅಕ್ಕ ಯಾರನ್ನೂ ಕರೆಯಲಿಲ್ಲ. ಕುಂಕುಮವಿಟ್ಟು, “ಎಷ್ಟ್ ಉಳೀತು?” ಎಂದು ಕೇಳಿದಳು. ಕೊಂಕು ಇರಲಿಲ್ಲ, ನಿಜವಾಗಿಯೇ ಕೇಳಿದಳು. “ಎಂಟುನೂರು” ಎಂದೆ. ‘ಬಾಕಿ ಇದೆ’ ಎಂದು ಖಾತೆಯಲ್ಲಿ ತೋರಿಸುತ್ತಿತ್ತಲ್ಲ. “ಆಗ್ಲಿ ಬುಡು, ಒಳ್ಳೇದಾಯ್ತು” ಎಂದಳು.

ಮೂರು ತಿಂಗಳು ಆ ‘ಬಾಕಿ’ಯನ್ನು ನೋಡಿಕೊಂಡೇ ಇದ್ದೆ. ಆಮೇಲೆ ಅದು ‘ತಿರಸ್ಕೃತ’ ಆಯಿತು. ಕಾರಣ ಕೇಳಿ ಏಳು ಮೇಲ್ ಬರೆದೆ. ಏಳಕ್ಕೂ, ‘ನಿಮ್ಮ ಕಳವಳ ನಮಗೆ ಅರ್ಥವಾಗುತ್ತದೆ’ ಎಂದು ಉತ್ತರ ಬಂತು. ಏನು ಅರ್ಥವಾಯಿತೋ! ಎಂಟನೆಯ ಮೇಲಿನಲ್ಲಿ ಅಕ್ಕನ ಕತೆ, ತೆಂಗಿನಕಾಯಿ, ಜಯಮ್ಮ ಎಲ್ಲವನ್ನೂ ಬರೆದೆ. ಅದಕ್ಕೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಎಂಟುನೂರು ಬರಲಿಲ್ಲ ಎಂದು ನಾನು ಅಕ್ಕನಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು, ಎಂದು ಬೆಳಿಗ್ಗೆಯಾಗಿದ್ದರೆ ಬರೆಯುತ್ತಿದ್ದೆ.

ಬೆಳಿಗ್ಗೆ ಹೆಂಡತಿಯ ಮಾತು ಕೇಳಿ ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಪಾತ್ರೆ ಅಂಗಡಿಗೆ ಹೋಗಿ ರಬ್ಬರ್ ಕೊಂಡೆ. ಮನಸ್ಸು ಕೆಟ್ಟುಹೋಗಿತ್ತು, ಅಲ್ಲಿಂದ ಹಾಗೇ ನಡೆದುಕೊಂಡು ಅಕ್ಕನ ಮನೆಗೆ ಹೋದೆ. ಹೇಳದೆ ಕೇಳದೆ ಹೋದವನನ್ನು ಕಂಡು ಅಕ್ಕ ಗಡಬಡಿಸಿ ಎದ್ದು, ಕೋಣೆಯ ಮೂಲೆಗೆ ಒಂದು ಹಳೆಯ ಸೀರೆ ಎಸೆದಳು. ಸೀರೆಯ ಕೆಳಗಿನಿಂದ ಹೊಸ ಬಣ್ಣದ ಕಬ್ಬಿಣದ ಕಾಲು ಕಾಣುತ್ತಿತ್ತು.

“ಏನಕ್ಕ ಅದು?”

“ಏನಿಲ್ಲ ಕಣ್ಲಾ” ಎಂದಳು. ಭಾವ ಪೇಪರಿನ ಹಿಂದಿನಿಂದ, “ಮೇಷ್ಟ್ರಿಗೆ ಯಾಕೆ ಮುಚ್ಚಿಡ್ತೀಯೆ, ತೋರ್ಸು” ಎಂದರು.

ಮೋಟಾರಿನ ದೊಡ್ಡ ಮಿಷನ್ನು. ನಾನು ತರಿಸಿಕೊಟ್ಟದ್ದು ದಪ್ಪ ಬಟ್ಟೆಗೆ ತಡವರಿಸುತ್ತಿತ್ತಂತೆ. ಹೋದ ತಿಂಗಳು ಅಂಗಡಿಗೆ ಹೋಗಿ, ಹೇಳಿದಷ್ಟು ಕೊಟ್ಟು, ಆಟೋದಲ್ಲಿ ತಂದಿದ್ದಾರೆ. ನಾನು ಈ ತಿಂಗಳಲ್ಲಿ ಎರಡು ಸಲ ಬಂದು ಹೋಗಿದ್ದೆ. ಎರಡು ಸಲವೂ ಸೀರೆ ಹೊದಿಸಿಟ್ಟಿದ್ದಳು.

“ನಿನ್ನ ಕೇಳ್ನಿಲ್ಲ ಅಂತ ಬೇಜಾರ್ ಮಾಡ್ಕೋತೀಯ ಅಂತ” ಎಂದಳು. ಬೆಲೆ ಹೇಳಿ, ನನ್ನ ಮುಖವನ್ನೇ ನೋಡುತ್ತ, “ಜಾಸ್ತಿ ಕೊಟ್ಬುಟ್ನೇನ್ಲಾ?” ಎಂದು ಕೇಳಿದಳು.

ಜಾಸ್ತಿಯೇ ಕೊಟ್ಟಿದ್ದಳು. ಎಷ್ಟು ಜಾಸ್ತಿ ಎಂದು ಫೋನು ತೆಗೆಯದೆಯೇ ಹೇಳಬಲ್ಲವನಾಗಿದ್ದೆ. ಸ್ವಂತ ದುಡಿಮೆಯ ದುಡ್ಡಿನಲ್ಲಿ ಸಾಮಾನು ತಂದವಳು ತಮ್ಮನ ಎದುರು ತಪ್ಪು ಮಾಡಿದವಳಂತೆ ನಿಂತಿದ್ದಳು. ಅವಳನ್ನು ಹಾಗೆ ನಿಲ್ಲಿಸಿದವನು ನಾನೇ.

“ಇಲ್ಲಕ್ಕ, ನಾನ್ ತರಿಸಿದ್ರೂ ಇಷ್ಟೇ ಆಗ್ತಿತ್ತು” ಎಂದೆ.

ಅಕ್ಕ ನಗತೊಡಗಿದಳು. “ಸುಳ್ಳು ಯೋಳಕ್ಕೂ ಬರಾಕಿಲ್ವಲ್ಲಲಾ ನಿಂಗೆ. ಅವತ್ತಿನ ಎಂಟುನೂರು ಬರ್ನಿಲ್ಲ ಅಂತ್ಲೂ ನಂಗೆ ಗೊತ್ತು.”

“ಯಾರ್ ಹೇಳಿದ್ರು?”

“ಯಾರ್ ಹೇಳ್ಬೇಕು? ಬಂದಿದ್ರೆ ನೀನು ಸುಮ್ಕಿರ್ತಿದ್ದಾ? ಬೀದಿಗೆಲ್ಲ ಸಾರ್ಕೊಂಡ್ ಬರ್ತಿದ್ದೆ.”

ಐದು ವರ್ಷದಿಂದ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಸಲವೂ ಕೇಳಿರಲಿಲ್ಲ. ನನಗೆ ಕಣ್ಣು ತುಂಬಿಬಂತು. ಭಾವ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು. ಅಕ್ಕ ಸೀರೆಯನ್ನು ಸರ್ರನೆ ಎಳೆದು ಪಕ್ಕಕ್ಕೆ ಹಾಕಿ, ಮಿಷನ್ನಿನ ಮುಂದೆ ಕೂತು, ನನ್ನ ಭುಜದ ಕಡೆ ಕೈ ತೋರಿಸಿದಳು.

“ತೋಳಿನ್ ಹೊಲಿಗೆ ಬುಟ್ಟೋಗದೆ. ಅಂಗಿ ಬಿಚ್ಚಿ ಕೊಡು.”

ಅಂಗಿ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲಿ ಅವಳ ಎದುರಿಗೆ ನೆಲದ ಮೇಲೆ ಕೂತೆ.